ಲಾರ್ನಕದಲ್ಲೊಂದು ಕೊಡಗಿನ ಹೆಸರು



ಹಳೇ ವಿದ್ಯಾರ್ಥಿಗಳ ಪುಟಕ್ಕೆ ಈ ಸಲ ನೀವು ಬರೀಬೇಕು ಅಂತ ಕನ್ನಡ ಸಂಘದ ಹುಡುಗರು ಫೋನ್ ಮಾಡಿ ಕೇಳಿದರು. ನಾನು ಮೆಕ್ಯಾನಿಕಲ್ ಓದಿದವನು, ಬರವಣಿಗೆ ನನ್ನ ಕಸುಬಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಯ್ತು, ಹೊಟ್ಟೆಪಾಡಿಗೆ ಅಂತ ದೇಶ ಬಿಟ್ಟು. ಪ್ಲೇಸ್‌ಮೆಂಟ್ ಬಗ್ಗೆ, ವಿದೇಶದ ಕೆಲಸದ ಬಗ್ಗೆ ಬರೀತೀನಿ ಅಂತ ಅವರು ಅಂದುಕೊಂಡಿದ್ದರೇನೋ. ಆದರೆ ನನಗೆ ಬರೀಬೇಕು ಅನ್ನಿಸಿದ್ದು ಒಬ್ಬ ಸೈನಿಕನ ಬಗ್ಗೆ. ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಯಾಕೆ ಅವರೇ ಅಂತ ಕೇಳಿದರೆ, ಮೊದಲು ನನ್ನ ಕಥೆ ಸ್ವಲ್ಪ ಹೇಳಬೇಕು.

ನಮ್ಮೂರು ಸಕಲೇಶಪುರದ ಹತ್ತಿರದ ಮಾರನಹಳ್ಳಿ. ಮಂಗಳೂರಿಗೆ ಬಸ್ಸಲ್ಲಿ ಹೋಗಿದ್ದರೆ ನಿಮಗೆ ಗೊತ್ತಿರುತ್ತೆ, ದೋಣಿಗಾಲ್ ದಾಟಿದ ಮೇಲೆ ಶಿರಾಡಿ ಘಾಟಿ ಇಳಿಯೋಕೆ ಶುರುವಾಗೋ ಜಾಗ. ಜುಲೈ ತಿಂಗಳಲ್ಲಿ ಅಲ್ಲಿ ಮಳೆ ಅಂದರೆ ಮಳೆ. ಮರ ಬಿದ್ದು ಕರೆಂಟ್ ಹೋದರೆ ವಾರಗಟ್ಟಲೆ ಬರಲ್ಲ, ಲ್ಯಾಂಡ್‌ಲೈನ್ ಕೂಡ ಸತ್ತಿರುತ್ತೆ.

2006ರ ಜುಲೈನಲ್ಲಿ ನಾನು, ನನ್ನ ಹೆಂಡತಿ, ಒಂದೂವರೆ ವರ್ಷದ ಮಗಳು ಲೆಬನಾನಿನ ಬೇರೂತಿನಲ್ಲಿದ್ದೆವು. 12ನೇ ತಾರೀಖು ಯುದ್ಧ ಶುರುವಾಯ್ತು. ಮರುದಿನವೇ ವಿಮಾನ ನಿಲ್ದಾಣದ ರನ್‌ವೇ ಮೇಲೆ ಬಾಂಬ್ ಬಿತ್ತು. ವಿಮಾನ ಇಲ್ಲ, ಸಮುದ್ರಕ್ಕೆ ದಿಗ್ಬಂಧನ. ರಾತ್ರಿ ಕಿಟಕಿ ಗಾಜು ನಡುಗಿದಾಗಲೆಲ್ಲ ಮಗಳು ಬೆಚ್ಚಿ ಎದ್ದು ಅಳೋಳು. ಮಾರನಹಳ್ಳಿಗೆ ಫೋನ್ ಮಾಡಿದರೆ ಲೈನೇ ಇಲ್ಲ. ಅಲ್ಲಿ ಅಪ್ಪ ಅಮ್ಮ ಟೀವಿನೂ ಇಲ್ಲದೆ, ಯಾರೋ ಹೇಳಿದ ಸುದ್ದಿ ಕೇಳಿಕೊಂಡು, ಮಳೆ ನೋಡ್ತಾ ಕೂತಿದ್ದರಂತೆ.

ಆಗ ಮೆಡಿಟರೇನಿಯನ್ ಕಡೆ ಹೋಗಿ ಊರಿಗೆ ವಾಪಸ್ ಹೊರಟಿದ್ದ ನಮ್ಮ ನೌಕಾಪಡೆಯ ಹಡಗುಗಳನ್ನ ಸರ್ಕಾರ ಹಾಗೇ ತಿರುಗಿಸಿತು. ಐಎನ್‌ಎಸ್ ಮುಂಬೈ, ಬ್ರಹ್ಮಪುತ್ರ, ಬೇತ್ವಾ, ಶಕ್ತಿ. ಆ ಕಾರ್ಯಾಚರಣೆಗೆ ಆಪರೇಷನ್ ಸುಕೂನ್ ಅಂತ ಹೆಸರು. ಎರಡು ಸಾವಿರಕ್ಕೂ ಹೆಚ್ಚು ಜನರನ್ನ ಕರೆತಂದರು, ಅದರಲ್ಲಿ ಶ್ರೀಲಂಕಾದವರು, ನೇಪಾಳದವರೂ ಇದ್ದರು. ಬಂದರಿನಲ್ಲಿ ಹಡಗಿನ ಮೆಟ್ಟಿಲ ಹತ್ತಿರ ಒಬ್ಬ ನಾವಿಕ ನನ್ನ ಕೈಯಿಂದ ಮಗಳನ್ನ ಎತ್ತಿಕೊಂಡ. ತನ್ನ ಮಲಗುವ ಜಾಗ ನಮಗೆ ಬಿಟ್ಟುಕೊಟ್ಟ. ಎಲ್ಲಿಂದಲೋ ಬಿಸಿ ಹಾಲು ತಂದ. ಅವನಿಗೆ ಇಪ್ಪತ್ತೆರಡು, ಇಪ್ಪತ್ತಮೂರು ಇರಬಹುದು, ಹೆಚ್ಚುಕಮ್ಮಿ ನಿಮ್ಮ ವಯಸ್ಸು. ಬೆಳಗಾಗುವಷ್ಟರಲ್ಲಿ ಸೈಪ್ರಸ್ ದ್ವೀಪದ ಲಾರ್ನಕ ಬಂದರು. ಇಳಿಯುವ ಗಡಿಬಿಡಿಯಲ್ಲಿ ಅವನ ಹೆಸರು ಕೇಳೋದನ್ನ ಮರೆತೆ. ಇವತ್ತಿಗೂ ಅದೊಂದು ಕೊರಗು ಉಳಿದುಬಿಟ್ಟಿದೆ.

ಲಾರ್ನಕದಲ್ಲಿ ಮಗುವಿಗೆ ಹಾಲಿನ ಪುಡಿ ತರೋಕೆ ಅಂತ ಒಂದು ಔಷಧಿ ಅಂಗಡಿಗೆ ಹೋದೆ. ಅಂಗಡಿಯ ವಯಸ್ಸಾದ ಹೆಂಗಸು ನಾನು ಯಾವ ದೇಶದವನು ಅಂತ ವಿಚಾರಿಸಿದರು. ಇಂಡಿಯಾ ಅಂದೆ. ಆಕೆ ಏನೋ ನೆನಪಾದವರಂತೆ ನಕ್ಕು, ತಮ್ಮ ಊರಿನ ಒಂದು ದೊಡ್ಡ ರಸ್ತೆಗೆ ನಮ್ಮ ದೇಶದ ಸೇನಾಪತಿಯ ಹೆಸರಿದೆ ಅಂತ ಮುರುಕು ಇಂಗ್ಲಿಷಿನಲ್ಲಿ ವಿವರಿಸಿದರು. ಕಾಗದದ ಮೇಲೆ ಬರೆದೂ ಕೊಟ್ಟರು. ಗ್ರೀಕ್ ಉಚ್ಚಾರಣೆಯಲ್ಲಿ ಅದು ತಿಮಾಯ ಅನ್ನೋ ಹಾಗೆ ಕೇಳಿಸ್ತು. ಒಂದು ಕ್ಷಣ ಹೊಳೆಯಲಿಲ್ಲ. ಆಮೇಲೆ ಮೈ ಜುಮ್ಮೆಂದಿತು. ತಿಮ್ಮಯ್ಯ! ಜನರಲ್ ತಿಮ್ಮಯ್ಯ. ನಮ್ಮ ಪಕ್ಕದ ಕೊಡಗಿನವರು. ಶುಕ್ರವಾರಸಂತೆ, ಕೊಡ್ಲಿಪೇಟೆ, ಶನಿವಾರಸಂತೆ ದಾಟಿ ಹೋದರೆ ಅವರ ಮಡಿಕೇರಿ. ನಮ್ಮ ಹಾಗೇ ಕಾಫಿ, ಏಲಕ್ಕಿ, ಜಿಗಣೆ, ಮಳೆ. ಅವರ ಹೆಸರು ಇಲ್ಲಿಗೆ ಹೇಗೆ ಬಂತು? ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋಗಿ ತಿಳಿದುಕೊಂಡಿದ್ದನ್ನೇ ಕೆಳಗೆ ಬರೆದಿದ್ದೀನಿ.

ಮಡಿಕೇರಿಯ ಹುಡುಗ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಕಾಫಿ ಬೆಳೆಗಾರರ ಮನೆತನ. ತಾಯಿ ಸೀತಮ್ಮ ಸಮಾಜಸೇವೆಯಲ್ಲಿ ಹೆಸರು ಮಾಡಿದವರು. ಮನೆಯಲ್ಲಿ ಎಲ್ಲರೂ ಇವರನ್ನ ಕರೀತಿದ್ದದ್ದು ದುಬ್ಬು ಅಂತ. ಎಂಟು ವರ್ಷಕ್ಕೇ ಕೂನೂರಿನ ಬೋರ್ಡಿಂಗ್ ಶಾಲೆ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್, ಅಲ್ಲಿಂದ ಡೆಹ್ರಾಡೂನಿನ ಮಿಲಿಟರಿ ಕಾಲೇಜು. ಹಾಸ್ಟೆಲ್‌ನಲ್ಲಿ ಮೊದಲ ವಾರ ಮನೆ ನೆನಪಾಗಿ ಅತ್ತವರು ನಿಮ್ಮಲ್ಲೂ ಇದ್ದೀರಿ, ಎಂಟು ವರ್ಷದ ಹುಡುಗನ ಕಥೆ ಯೋಚಿಸಿ.

ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಅಕಾಡೆಮಿಗೆ ಆಯ್ಕೆಯಾದರು. ಆಗ ಭಾರತೀಯರಿಗೆ ಅಲ್ಲಿ ಸಿಗ್ತಿದ್ದದ್ದು ಬೆರಳೆಣಿಕೆಯ ಸೀಟು. 1926ರಲ್ಲಿ ಸೇನಾಧಿಕಾರಿಯಾಗಿ ಹೊರಬಂದು, ಹೈದರಾಬಾದ್ ರೆಜಿಮೆಂಟಿಗೆ ಸೇರಿ, ಇರಾಕಿನ ಬಾಗ್ದಾದಿಗೆ ಹೋದರು. ಅದೇ ರೆಜಿಮೆಂಟಿಗೆ ಮುಂದೆ ಕುಮಾವೂ ರೆಜಿಮೆಂಟ್ ಅಂತ ಹೆಸರಾಯ್ತು.

ಬ್ರಿಟಿಷರ ಸೈನ್ಯದಲ್ಲಿ ಭಾರತೀಯ ಅಧಿಕಾರಿಯಾಗಿರೋದು ಸುಲಭ ಇರಲಿಲ್ಲ. ಕ್ಲಬ್ಬುಗಳಲ್ಲಿ ಪ್ರವೇಶ ಇಲ್ಲ, ಮೆಸ್ಸಿನಲ್ಲಿ ತಾತ್ಸಾರ. ಹೊರಗೆ ದೇಶದ ತುಂಬ ಸ್ವಾತಂತ್ರ್ಯ ಚಳವಳಿ. ಅಲಹಾಬಾದಿನಲ್ಲಿದ್ದಾಗ ಈ ಗೊಂದಲ ತಡೀಲಾರದೆ ತಿಮ್ಮಯ್ಯ ಮತ್ತು ಗೆಳೆಯರು ಮೋತಿಲಾಲ್ ನೆಹರೂ ಅವರ ಹತ್ತಿರ ಹೋಗಿ, ಕೆಲಸ ಬಿಟ್ಟು ಚಳವಳಿಗೆ ಬರೋಣವಾ ಅಂತ ಕೇಳಿದರು. ಬೇಡ, ನಾಳೆ ದೇಶ ಸ್ವತಂತ್ರವಾದಾಗ ಸೈನ್ಯ ನಡೆಸೋಕೆ ತರಬೇತಿ ಇರೋ ನಮ್ಮವರು ಬೇಕು, ಅಲ್ಲೇ ಇದ್ದು ಕಲಿಯಿರಿ ಅನ್ನೋದು ಹಿರಿಯರ ಸಲಹೆಯಾಗಿತ್ತು. ತಿಮ್ಮಯ್ಯ ಉಳಿದರು.

1935ರ ಜನವರಿಯಲ್ಲಿ ನೀನಾ ಅವರನ್ನ ಮದುವೆಯಾದರು. ಹೊಸ ಸಂಸಾರ ಕ್ವೆಟ್ಟಾದಲ್ಲಿ. ಅದೇ ವರ್ಷ ಮೇ 31ರ ಬೆಳಗಿನ ಜಾವ ಆ ಊರು ಭೂಕಂಪದಲ್ಲಿ ನೆಲಸಮವಾಯ್ತು. ಮೂವತ್ತು ಸಾವಿರದಷ್ಟು ಜನ ಸತ್ತರು. ಗಂಡ ಹೆಂಡತಿ ಇಬ್ಬರೂ ಪರಿಹಾರ ಕೆಲಸಕ್ಕೆ ನಿಂತರು. ನೀನಾ ಅವರ ಸೇವೆಗೆ ಕೈಸರ್-ಇ-ಹಿಂದ್ ಪದಕ ಬಂತು. ಅವರ ಮುಂದಿನ ಬದುಕಿನಲ್ಲೂ ಇಂಥ ಕೆಲಸವೇ ಮತ್ತೆ ಮತ್ತೆ ಎದುರಾಯ್ತು. ಮನೆ ಕಳೆದುಕೊಂಡವರ ನಡುವೆ ನಿಂತು ಅವರನ್ನ ಒಂದು ದಡ ಸೇರಿಸೋದು.

ಯುದ್ಧ, ಮತ್ತು ಒಂದಿಷ್ಟು ಎಂಜಿನಿಯರಿಂಗ್

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಕರಾವಳಿಯಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. 1945ರ ಆರಂಭದ ಕಾಂಗಾವ್ ಕದನದಲ್ಲಿ ಒಂದೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳನ್ನ ಮೂವರು ಭಾರತೀಯರು ನಡೆಸಿದರು. ಥೋರಟ್, ಎಲ್.ಪಿ. ಸೇನ್, ತಿಮ್ಮಯ್ಯ. ಭಾರತೀಯರಿಗೆ ಸೈನ್ಯ ನಡೆಸೋಕೆ ಬರಲ್ಲ ಅಂತಿದ್ದವರ ಬಾಯಿ ಅಲ್ಲಿಗೆ ಮುಚ್ಚಿತು. ತಿಮ್ಮಯ್ಯನವರಿಗೆ ಡಿಎಸ್‌ಒ ಪದಕ ಬಂತು. ಸ್ವಲ್ಪ ದಿನದಲ್ಲೇ ಬ್ರಿಗೇಡಿಯರ್ ಆದರು. ಯುದ್ಧಭೂಮಿಯಲ್ಲಿ ಪದಾತಿ ಬ್ರಿಗೇಡನ್ನ ನಡೆಸಿದ ಮೊದಲ ಭಾರತೀಯ ಅವರು. ಯುದ್ಧ ಮುಗಿದ ಮೇಲೆ ಸಿಂಗಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪರವಾಗಿ ಅಲ್ಲಿದ್ದರು. ಆಮೇಲೆ ಜಪಾನಿಗೆ ಹೋದ ಭಾರತೀಯ ಬ್ರಿಗೇಡನ್ನ ಮುನ್ನಡೆಸಿದರು.

1947ರಲ್ಲಿ ದೇಶ ಎರಡಾಯ್ತು. ಪಂಜಾಬಿನಲ್ಲಿ ಎರಡೂ ಕಡೆಯಿಂದ ಲಕ್ಷಾಂತರ ಜನ ಗುಳೆ ಹೊರಟಿದ್ದರು. ಅವರನ್ನ ಕಾಪಾಡಿ ದಾಟಿಸೋ ಕೆಲಸದಲ್ಲಿ ತಿಮ್ಮಯ್ಯ ಇದ್ದರು. ಅದು ಮುಗಿಯುವ ಮೊದಲೇ ಕಾಶ್ಮೀರದ ಯುದ್ಧ.

ಎಂಜಿನಿಯರಿಂಗ್ ಓದೋರು ಈ ಭಾಗ ಗಮನವಿಟ್ಟು ಓದಿ. 1948ರ ಬೇಸಿಗೆಗೆ ಲೇಹ್ ಪಟ್ಟಣ ಕೈತಪ್ಪಿ ಹೋಗೋದರಲ್ಲಿತ್ತು. ರಸ್ತೆ ಇಲ್ಲ. ಲಡಾಖಿನ ಸೋನಮ್ ನೊರ್ಬು ಅನ್ನೋ ಸಿವಿಲ್ ಎಂಜಿನಿಯರ್, ಊರ ಜನರನ್ನ ಸೇರಿಸಿಕೊಂಡು, ಸಿಂಧೂ ನದಿಯ ಬಯಲಿನಲ್ಲಿ ಕಚ್ಚಾ ರನ್‌ವೇ ಒಂದನ್ನ ಮಾಡಿಸಿದರು. ಸಮುದ್ರಮಟ್ಟದಿಂದ 10 ಸಾವಿರ ಅಡಿಗೂ ಎತ್ತರ, ಗಾಳಿಯ ಸಾಂದ್ರತೆ ಕಡಿಮೆ, ಎಂಜಿನ್ನಿಗೆ ಪೂರ್ತಿ ಶಕ್ತಿ ಸಿಗಲ್ಲ, ರೆಕ್ಕೆಗೆ ಲಿಫ್ಟ್ ಸಾಲಲ್ಲ, ನಕ್ಷೆಯೂ ಸರಿಯಾಗಿಲ್ಲ. ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ತಮ್ಮ ಡಕೋಟಾ ವಿಮಾನವನ್ನ ಅಲ್ಲಿ ಇಳಿಸಿದರು. ಇಳಿಯುತ್ತೋ ಇಲ್ಲವೋ ಯಾರಿಗೂ ಖಾತ್ರಿ ಇಲ್ಲದ ಆ ಮೊದಲ ವಿಮಾನದಲ್ಲಿ ಕೂತಿದ್ದ ಪ್ರಯಾಣಿಕ ಮೇಜರ್ ಜನರಲ್ ತಿಮ್ಮಯ್ಯ. ಕೆಳಗಿನವರನ್ನ ಕಳಿಸಿ ನೋಡೋಣ ಅನ್ನಲಿಲ್ಲ, ತಾವೇ ಹತ್ತಿದರು.

ಅದೇ ವರ್ಷದ ಕೊನೆಗೆ ಜೊಜಿಲಾ. ಲೇಹ್‌ಗೆ ಹೋಗೋ ದಾರಿಯ ಕಣಿವೆ ಅದು, 11 ಸಾವಿರ ಅಡಿಗೂ ಮೇಲೆ. ಪದಾತಿ ಸೈನಿಕರ ದಾಳಿಗಳು ವಿಫಲವಾಗಿದ್ದವು. ಆಗ ಟ್ಯಾಂಕ್ ಹತ್ತಿಸೋ ಯೋಜನೆ ಬಂತು. ಅಷ್ಟು ಎತ್ತರದಲ್ಲಿ ಅದುವರೆಗೆ ಜಗತ್ತಿನಲ್ಲಿ ಯಾರೂ ಟ್ಯಾಂಕ್ ಓಡಿಸಿರಲಿಲ್ಲ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರ ಕಳಚಿ, ಟಾರ್ಪಾಲು ಮುಚ್ಚಿ, ಯಾರಿಗೂ ಗೊತ್ತಾಗದ ಹಾಗೆ ಜಮ್ಮುವಿನಿಂದ ಸಾಗಿಸಿದರು. ದಾರಿಯ ದುರ್ಬಲ ಸೇತುವೆಗಳು ಆ ಭಾರ ತಡೆಯೋ ಹಾಗೆ ಮಾಡಬೇಕಿತ್ತು. ಕಣಿವೆಯ ಹೇಸರಗತ್ತೆ ದಾರಿಯನ್ನ ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್‌ಗಳು, ಅಂದರೆ ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೈನಿಕ ಎಂಜಿನಿಯರುಗಳ ದಳ. ಶತ್ರುವಿನ ಗುಂಡಿನ ಕೆಳಗೇ ಬಂಡೆ ಸಿಡಿಸಿ ದಾರಿ ಮಾಡಿದರು. 1948ರ ನವೆಂಬರ್ 1ರಂದು ಹಿಮ ಬೀಳ್ತಿರುವಾಗ ಟ್ಯಾಂಕುಗಳು ಮೇಲೆ ಕಾಣಿಸಿಕೊಂಡವು. ಎದುರಿನವರಿಗೆ ನಂಬೋಕೇ ಆಗಲಿಲ್ಲ. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯ ಇದ್ದರು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಕೈಗೆ ಬಂದವು, ಲೇಹ್ ಉಳೀತು.

ಈ ಎರಡು ಘಟನೆ ಓದಿದಾಗ ನನಗೆ ನೆನಪಾಗೋದು ನಮ್ಮೂರ ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗ, 57 ಸುರಂಗಗಳ ಮಾರ್ಗ. ಅಲ್ಲಿ ರೈಲಿನಲ್ಲಿ ಹೋಗೋ ನಾವು ಕಿಟಕಿಯಿಂದ ಫೋಟೋ ತೆಗೀತೀವಿ, ಬಂಡೆ ಕೊರೆದವರ ಹೆಸರು ನಮಗೆ ಗೊತ್ತಿರಲ್ಲ. ಸೋನಮ್ ನೊರ್ಬು ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದಿರಿ?

ಕೊರಿಯಾ: ಮಕ್ಕಳಿಗಾಗಿ ಕಾದ ತಾಯಂದಿರು

1953ರ ಜುಲೈ 27ಕ್ಕೆ ಕೊರಿಯಾ ಯುದ್ಧ ನಿಂತಿತು. ಆದರೆ ಒಂದು ಸಮಸ್ಯೆ ಬಗೆಹರಿದಿರಲಿಲ್ಲ. ಯುದ್ಧಕೈದಿಗಳಲ್ಲಿ 22 ಸಾವಿರಕ್ಕೂ ಹೆಚ್ಚು ಚೀನೀಯರು, ಉತ್ತರ ಕೊರಿಯದವರು ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂತಿದ್ದರು. ಆ ಕಡೆ ಮುನ್ನೂರಕ್ಕೂ ಹೆಚ್ಚು ದಕ್ಷಿಣ ಕೊರಿಯದವರು, ಇಪ್ಪತ್ತಮೂರು ಅಮೆರಿಕನ್ನರು ಹಾಗೇ ಹೇಳ್ತಿದ್ದರು. ಅವರು ನಿಜವಾಗ್ಲೂ ಹಾಗೆ ಅಂತಿದ್ದಾರಾ, ಇಲ್ಲ ಯಾರಾದರೂ ಹೆದರಿಸಿ ಹೇಳಿಸ್ತಿದ್ದಾರಾ? ಇದನ್ನ ತೀರ್ಮಾನಿಸೋಕೆ ಐದು ತಟಸ್ಥ ದೇಶಗಳ ಆಯೋಗ ರಚನೆಯಾಯ್ತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಝೆಕೊಸ್ಲೊವಾಕಿಯಾ, ಭಾರತ. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನ ಕಾಯೋ ಭಾರತೀಯ ಸೈನ್ಯದ ಮುಖ್ಯಸ್ಥರು ಬರ್ಮಾದಲ್ಲಿ ಜೊತೆಗಿದ್ದ ಥೋರಟ್.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲಕ್ಕೆ ಕಾಲಿಡಕೂಡದು ಅಂತ ಹಟ ಹಿಡಿದರು. ಹಾಗಾಗಿ ಸಾವಿರಾರು ಸೈನಿಕರನ್ನ ಬಂದರಿನಿಂದ ಹೆಲಿಕಾಪ್ಟರಿನಲ್ಲೇ ಗಡಿಯ ನಿಸ್ಸೇನಾ ವಲಯಕ್ಕೆ ಸಾಗಿಸಬೇಕಾಯ್ತು. ಅಲ್ಲಿನ ಡೇರೆ ಊರಿಗೆ ಹಿಂದ್ ನಗರ್ ಅಂತ ಹೆಸರಿಟ್ಟರು. ಕೈದಿಗಳ ಗುಂಪುಗಳೊಳಗೇ ಕೊಲೆ, ಬೆದರಿಕೆ ನಡೀತಿತ್ತು. ಒಂದು ದಿನ ಕೈದಿಗಳು ಭಾರತದ ಒಬ್ಬ ಮೇಜರನ್ನೇ ಎಳೆದುಕೊಂಡು ಹೋದರು. ಥೋರಟ್ ಬೇಲಿಯೊಳಗೆ ನಡೆದು ಹೋಗಿ, ಮಾತಾಡಿ, ಗುಂಡು ಹಾರಿಸದೆ ಬಿಡಿಸಿಕೊಂಡು ಬಂದರು.

ಎರಡೂ ಬಣಗಳಿಗೆ ತಿಮ್ಮಯ್ಯನವರ ಮೇಲೆ ಸಿಟ್ಟು. ಬಲವಂತವಾಗಿ ಕಳಿಸಿ ಅಂತ ಒಬ್ಬರು, ಕೂಡಲೇ ಬಿಟ್ಟುಬಿಡಿ ಅಂತ ಇನ್ನೊಬ್ಬರು. ತಿಮ್ಮಯ್ಯ ಹಿಡಿದಿದ್ದು ಒಂದೇ ನಿಯಮ, ಯಾರನ್ನೂ ಬಲವಂತ ಮಾಡಕೂಡದು. ಈ ನಡುವೆ ಒಬ್ಬ ಅಮೆರಿಕನ್ ತಾಯಿ, ಮಗನನ್ನ ಮನೆಗೆ ಕರೆಯೋಕೆ ಅಂತ ಟೋಕಿಯೋವರೆಗೂ ಬಂದಿದ್ದಳು. ಅಲ್ಲಿಂದ ಮುಂದೆ ಅವಳದೇ ದೇಶದ ಸೈನ್ಯ ಬಿಡಲಿಲ್ಲ. ಮಗ ಬರಲಿಲ್ಲ, ಆಕೆ ಬರಿಗೈಲಿ ವಾಪಸ್ ಹೋದಳು. ಆ ಕ್ಯಾಂಪಿನ ಪ್ರತಿ ಹುಡುಗನ ಹಿಂದೆಯೂ ಇಂಥ ಒಬ್ಬ ತಾಯಿ ಎಲ್ಲೋ ಇದ್ದಳು. ಬೇರೂತಿನ ಆ ರಾತ್ರಿಗಳಾದ ಮೇಲೆ ಇದನ್ನ ನಾನು ಬರೀ ಇತಿಹಾಸ ಅಂತ ಓದೋಕಾಗಲ್ಲ.

ಕೊನೆಗೆ ಕೈದಿಗಳಲ್ಲಿ ಮನಸ್ಸು ಬದಲಿಸಿ ಊರಿಗೆ ಹೋದವರು ಕೆಲವೇ ನೂರು ಜನ. ಎರಡೂ ಕಡೆ ಬೇಡ ಅಂದ ಎಂಬತ್ತಕ್ಕೂ ಹೆಚ್ಚು ಮಂದಿ 1954ರಲ್ಲಿ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೇ ಬಂದರು. ತಿಮ್ಮಯ್ಯ ಎಲ್ಲರನ್ನೂ ಮೆಚ್ಚಿಸೋಕಾಗಲಿಲ್ಲ, ಆದರೆ ನಿಂತ ಯುದ್ಧ ಮತ್ತೆ ಹೊತ್ತಿಕೊಳ್ಳಲಿಲ್ಲ. ಆ ವರ್ಷ ಅವರಿಗೆ ಪದ್ಮಭೂಷಣ ಬಂತು.

ದಂಡನಾಯಕ, ರಾಜೀನಾಮೆ, ಕಾಫಿ ತೋಟ

1957ರ ಮೇ ತಿಂಗಳಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. ಚೀನಾ ಗಡಿಯಲ್ಲಿ ಬಿಸಿ ಏರ್ತಾ ಇತ್ತು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಅವರಿಗೆ ಹೊಂದಾಣಿಕೆಯಾಗಲಿಲ್ಲ. 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಬರೆದುಕೊಟ್ಟರು. ಪ್ರಧಾನಿ ನೆಹರೂ ಕರೆದು ಸಮಾಧಾನ ಮಾಡಿದ ಮೇಲೆ ವಾಪಸ್ ತಗೊಂಡರು. ಆದರೆ ಸುದ್ದಿ ಹೊರಗೆ ಬಂದಾಗ ಸಂಸತ್ತಿನಲ್ಲಿ ನೆಹರೂ ಅವರನ್ನೇ ಟೀಕಿಸಿದರು. ವಾಪಸ್ ತಗೊಂಡಿದ್ದು ಸರಿಯಾ ತಪ್ಪಾ ಅನ್ನೋ ಚರ್ಚೆ ಇವತ್ತಿಗೂ ಮುಗಿದಿಲ್ಲ. ಗಟ್ಟಿಯಾಗಿ ನಿಂತಿದ್ದರೆ ದೇಶ ಎಚ್ಚೆತ್ತುಕೊಳ್ತಿತ್ತು ಅಂತ ಕೆಲವರು. ಚುನಾಯಿತ ಸರ್ಕಾರದ ಮುಂದೆ ಸೇನಾಪತಿ ತಗ್ಗಿದ್ದೇ ಸರಿ ಅಂತ ಕೆಲವರು. ಅಕ್ಕಪಕ್ಕದ ದೇಶಗಳಲ್ಲಿ ಸೇನಾಪತಿಗಳು ಸರ್ಕಾರವನ್ನೇ ಕಿತ್ತೆಸೀತಿದ್ದ ಕಾಲ ಅದು. ನಾನು ಎರಡನೇ ಕಡೆಯವನು. ನೀವು ಹಾಸ್ಟೆಲ್‌ನಲ್ಲಿ ವಾದ ಮಾಡಿಕೊಳ್ಳಿ.

1961ರ ಮೇ ತಿಂಗಳಲ್ಲಿ ನಿವೃತ್ತರಾಗಿ ಕೊಡಗಿಗೆ ಬಂದರು. ಮರುವರ್ಷ ಚೀನಾ ಯುದ್ಧದಲ್ಲಿ ನಾವು ಸೋತಾಗ ಅವರು ಸೇವೆಯಲ್ಲಿರಲಿಲ್ಲ.

ಸೈಪ್ರಸ್

ಈಗ ಲಾರ್ನಕದ ರಸ್ತೆಗೆ ಬರೋಣ. ಸೈಪ್ರಸ್ 1960ರಲ್ಲಿ ಬ್ರಿಟಿಷರಿಂದ ಬಿಡುಗಡೆಯಾದ ಪುಟ್ಟ ದ್ವೀಪ. ಗ್ರೀಕ್ ಭಾಷೆಯವರು, ತುರ್ಕಿ ಭಾಷೆಯವರು ಒಂದೇ ಬೀದಿಯಲ್ಲಿದ್ದವರು. 1963ರ ಡಿಸೆಂಬರಿನಲ್ಲಿ ಅವರ ನಡುವೆ ರಕ್ತಪಾತ ಶುರುವಾಯ್ತು. ಬ್ರಿಟಿಷ್ ಅಧಿಕಾರಿಯೊಬ್ಬ ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದ. ಗ್ರೀನ್ ಲೈನ್ ಅನ್ನೋ ಹೆಸರು ಬಂದಿದ್ದೇ ಹಾಗೆ. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆ ಕಳಿಸಿತು. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡಿನ ಹುಡುಗರು. ಮೊದಲ ಕಮಾಂಡರ್ ಭಾರತದ ಜನರಲ್ ಗ್ಯಾನಿ. ಅದೇ ಜುಲೈನಲ್ಲಿ ಅವರ ಜಾಗಕ್ಕೆ ತಿಮ್ಮಯ್ಯ ಹೋದರು. ಆಗ ಅವರಿಗೆ 58 ವರ್ಷ. ತೋಟದ ಮನೆಯಲ್ಲಿ ಕಾಫಿ ಕುಡೀತಾ ಇರಬಹುದಿತ್ತು.

ಹೋದ ಮರುತಿಂಗಳೇ ಕೊಕ್ಕಿನಾ ಪ್ರದೇಶದಲ್ಲಿ ದೊಡ್ಡ ಕದನ, ತುರ್ಕಿಯ ವಿಮಾನಗಳಿಂದ ಬಾಂಬ್ ದಾಳಿ. ಶಾಂತಿಪಾಲಕರ ಕೈಯಲ್ಲಿ ಬಂದೂಕಿದ್ದರೂ ಅದು ಆತ್ಮರಕ್ಷಣೆಗೆ ಮಾತ್ರ. ಮಿಕ್ಕಿದ್ದೆಲ್ಲ ಮಾತಿನಿಂದಲೇ ಆಗಬೇಕು. ಯಾರದೋ ಹೊಲದ ಫಸಲು ಕೊಯ್ಯೋಕೆ ಕಾವಲು, ಮುತ್ತಿಗೆ ಹಾಕಿದ ಹಳ್ಳಿಗೆ ಹಿಟ್ಟು, ರಸ್ತೆಯಲ್ಲಿ ಬಸ್ಸಿಗೆ ಬೆಂಗಾವಲು. ಪತ್ರಿಕೆಯ ಮುಖಪುಟದಲ್ಲಿ ಬರೋ ಸಾಹಸ ಇದರಲ್ಲಿ ಇಲ್ಲ. ಆದರೆ ಮಗುವಿಗೆ ಹಾಲಿಲ್ಲದ ಮನೆಯವರಿಗೆ ಆ ಹಿಟ್ಟಿನ ಲಾರಿ ಎಷ್ಟು ದೊಡ್ಡದು ಅಂತ ನನಗೆ ಗೊತ್ತು.

1965ರ ಡಿಸೆಂಬರ್ 18ರಂದು, ಕೆಲಸದಲ್ಲಿರುವಾಗಲೇ, ತಿಮ್ಮಯ್ಯ ಸೈಪ್ರಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. 59 ವರ್ಷ. ದೇಹವನ್ನ ಬೆಂಗಳೂರಿಗೆ ತಂದರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಕದಲ್ಲಿ ರಸ್ತೆಗೆ ಅವರ ಹೆಸರಿಟ್ಟರು. ನಮ್ಮ ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅಧಿಕೃತ ಹೆಸರು ಜನರಲ್ ತಿಮ್ಮಯ್ಯ ರಸ್ತೆ ಅಂತಲೇ. ನಾವು ಮಾತ್ರ ಇನ್ನೂ ರಿಚ್ಮಂಡ್ ರೋಡ್ ಅಂತೀವಿ.

ಕೊನೆಗೆ

ಲಾರ್ನಕದಿಂದ ವಿಮಾನ ಹತ್ತುವ ಮೊದಲು ಸಕಲೇಶಪುರದ ಪರಿಚಯದವರ ನಂಬರಿಗೆ ಫೋನ್ ಸಿಕ್ಕಿತು. ಅವರು ಮಳೆಯಲ್ಲೇ ಜೀಪ್ ತಗೊಂಡು ಮಾರನಹಳ್ಳಿಗೆ ಹೋಗಿ ಅಪ್ಪ ಅಮ್ಮನಿಗೆ ಸುದ್ದಿ ಮುಟ್ಟಿಸಿದರು. ಅಮ್ಮ ಅವತ್ತು ಮೊದಲು ಕೇಳಿದ್ದು ಮಗು ಊಟ ಮಾಡಿತಾ ಅಂತಂತೆ. ಊರಿಗೆ ಬಂದ ಮೇಲೆ ಹಾಲು ಕೊಟ್ಟ ಹುಡುಗನ ಹೆಸರೇನು ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬದುಕಿರೋವರೆಗೂ ಅಮ್ಮ ದೇವರ ಮುಂದೆ ದೀಪ ಹಚ್ಚುವಾಗ ಆ ಹೆಸರಿಲ್ಲದ ಹುಡುಗನನ್ನೂ ನೆನೀತಿದ್ದರು.

ಆ ಮಗು ಈಗ ನಿಮ್ಮ ಜೊತೆಗೇ ಇದೇ ಕಾಲೇಜಿನಲ್ಲಿ ಓದ್ತಾ ಇದ್ದಾಳೆ. ಅವಳಿಗೆ ಆ ರಾತ್ರಿ ನೆನಪಿಲ್ಲ, ನನಗೆ ಮರೆಯೋಕಾಗಿಲ್ಲ. ಆ ನಾವಿಕನಿಗೆ ಹೇಳಬೇಕಿದ್ದ ಥ್ಯಾಂಕ್ಸ್ ಹೇಳೋಕೆ ವಿಳಾಸ ಇಲ್ಲ. ಸೈಪ್ರಸ್‌ನವರಿಗೆ ತಮ್ಮನ್ನ ಕಾಯೋಕೆ ಬಂದ ಪರದೇಶಿಯ ಹೆಸರು ಗೊತ್ತಿತ್ತು, ರಸ್ತೆಗೆ ಇಟ್ಟರು. ನನಗೆ ಗೊತ್ತಿಲ್ಲ, ಅದಕ್ಕೇ ಗೊತ್ತಿರೋ ಒಬ್ಬರ ಕಥೆ ಬರೆದೆ.

ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ ಆಗಿದೆ. 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯ್ತು. ಸೆಮಿಸ್ಟರ್ ರಜೆಯಲ್ಲಿ ಕೊಡಗಿಗೆ ಟ್ರಿಪ್ ಹಾಕೋರು ಅಬ್ಬಿ ಫಾಲ್ಸ್, ರಾಜಾಸೀಟ್ ಜೊತೆಗೆ ಅಲ್ಲಿಗೂ ಒಂದು ಗಂಟೆ ಹೋಗಿ ಬನ್ನಿ. ಇನ್ನೊಂದು ಮಾತು. ಬಸ್ಸಲ್ಲೋ ರೈಲಲ್ಲೋ ಪಕ್ಕದಲ್ಲಿ ರಜೆಗೆ ಊರಿಗೆ ಹೊರಟ ಸೈನಿಕ ಕೂತಿದ್ದರೆ, ಇಳಿಯೋ ಮೊದಲು ಹೆಸರು ಕೇಳಿಕೊಳ್ಳಿ. ನನ್ನ ಹಾಗೆ ಮರೀಬೇಡಿ.